ಸಿಂದಿ ಇಳಿದ ಮೇಲೆ ಪದ ಎಲ್ಲಿಗೆ ಹೋಗ್ತಾವ?

ಬೆಂಗಳೂರಿನ ನನ್ನ ರೂಮಿನಲ್ಲಿ ಒಂದು ಯುಕುಲೇಲಿ ಇದೆ. ನಾಲ್ಕೇ ತಂತಿ, ಬಗಲಲ್ಲಿ ಇಟ್ಕೊಂಡು ನುಡಿಸುವಷ್ಟು ಸಣ್ಣದು. ಗಿಟಾರ್ ಕಲಿಯೋಕೆ ಧೈರ್ಯ ಸಾಲದವರು ಇದನ್ನ ತಗೋತಾರೆ, ನಾನೂ ಹಂಗೇ ತಗೊಂಡೆ. ಶುಕ್ರವಾರ ರಾತ್ರಿ ಗೆಳೆಯರು ಸೇರಿದಾಗ ಬಿಯರ್ ಕುಡೀತಾ ಒಂದೊಂದು ಹಾಡು ಕಲಿಯೋದು ರೂಢಿ ಆಯ್ತು. ತಮಾಷೆ ಏನಂದ್ರೆ, ಭಾನುವಾರ ಬೆಳಿಗ್ಗೆ ಚಹಾ ಕುಡಿದು ಕೂತ್ರೆ ಎರಡನೇ ಚರಣಕ್ಕೆ ಬೆರಳು ಎಲ್ಲಿಡಬೇಕು ಅನ್ನೋದೇ ಮರೆತಿರ್ತಿತ್ತು. ಮುಂದಿನ ಶುಕ್ರವಾರ ಅರ್ಧ ಬಾಟಲಿ ಇಳಿದ ಮೇಲೆ ಬೆರಳು ತಾವಾಗೇ ಹೋಗಿ ಕೂಡ್ತಿದ್ದವು. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ, ನನ್ನ ಮಷೀನ್‌ನಲ್ಲಿ ಓಡೋ ಕೋಡ್ ಸರ್ವರ್‌ನಲ್ಲಿ ಓಡ್ತಿರಲಿಲ್ಲ.

ಇದು ನನಗೆ ಹೊಸ ಸಂಗತಿ ಅಲ್ಲ. ಸೇಡಂ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ನಮ್ಮ ಕಾಕಾನ ಬಗ್ಗೆ ಜನ ಇದೇ ಮಾತು ಹೇಳ್ತಿದ್ರು: "ಅವನ ಹೊಟ್ಯಾಗ ಸಿಂದಿ ಬಿದ್ರೆ ನೂರು ಪದ, ಬೀಳದಿದ್ರೆ ನಾಕು."

ಕಾಕಾ ಶಾಲೆ ಕಟ್ಟೆ ಹತ್ತಿದವನಲ್ಲ. 1970ರ ಸುಮಾರಿಗೆ, ಇನ್ನೂ ಮೀಸೆ ಬರದ ವಯಸ್ಸಿನಲ್ಲಿ, ಶಹಾಬಾದಿನ ಫರಸಿ ಕಲ್ಲಿನ ಖಣಿಗೆ ಕೆಲಸಕ್ಕೆ ಹೋದ. ನಮ್ಮ ಭಾಗ ಅಂದ್ರೆ ಕಲ್ಲು ನೋಡ್ರಿ. ಶಹಾಬಾದಿನ ಫರಸಿ ದೇಶದ ಎಷ್ಟೋ ಮನೆಗಳ ನೆಲ ಆಗಿದೆ. ಅದೇ ಸುಣ್ಣಕಲ್ಲು ಸಿಮೆಂಟಾಗಿ 1968ರಲ್ಲಿ ವಾಡಿಯ ಕಾರ್ಖಾನೆ ಶುರುವಾಯ್ತು. ವಾಡಿ ಅದಕ್ಕೂ ಮೊದಲೇ ರೈಲಿನ ಊರು. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ಬಂದು ಮುಂಬೈ ಮಾರ್ಗವನ್ನು ಕೂಡಿದ್ದು ಅಲ್ಲೇ. ಹಿಂಗಾಗಿ ಖಣಿ, ಕಾರ್ಖಾನೆ, ರೈಲು ಅಂತ ಚಿತ್ತಾಪುರದವರು, ಸೇಡಂನವರು, ಚಿಂಚೋಳಿ ತಾಂಡಾಗಳ ಲಂಬಾಣಿಗರು, ತೆಲುಗು, ಉರ್ದು ಮಾತಾಡೋರು ಎಲ್ಲ ಒಂದೇ ಕಡೆ ಬೆವರು ಸುರಿಸಿದರು.

ಸಂಜೆಗೆ ಮೈನೋವು ಮರೆಸೋಕೆ ಸಿಂದಿ ಇತ್ತು. ಈಚಲು ಮರದ ಸಿಂದಿ ನಮ್ಮ ಕಡೆ ಬರೀ ಕುಡಿಯೋ ವಸ್ತು ಆಗಿರಲಿಲ್ಲ, ಸರ್ಕಾರದ ಖಜಾನೆಯೂ ಆಗಿತ್ತು. ಹೈದರಾಬಾದ್ ಸಂಸ್ಥಾನದ ಆದಾಯದಲ್ಲಿ ಆಬಕಾರಿಯದು ದೊಡ್ಡ ಪಾಲು. 1948ರಲ್ಲಿ ನಿಜಾಮರ ಆಳ್ವಿಕೆ ಮುಗೀತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಆದರೆ ಕುಡಿಯೋನ ಕೂಲಿ ಸರ್ಕಾರದ ಲೆಕ್ಕಕ್ಕೆ ಹೋಗೋದು ಮಾತ್ರ ನಿಲ್ಲಲಿಲ್ಲ. ಸಿಂದಿ ಜಾಗಕ್ಕೆ ಸಾರಾಯಿ ಪಾಕೀಟು ಬಂತು. 2007ರ ಜುಲೈ 1ರಿಂದ ಸಾರಾಯಿ ಬಂದ್ ಆದಾಗ ಕಾಕಾನಂಥವರು ಅದಕ್ಕಿಂತ ತುಟ್ಟಿಯಾದ ಬ್ರಾಂಡಿ, ವಿಸ್ಕಿಗೆ ಹೊರಳಿದರು.

ಆ ಸಂಜೆಯ ಗುಂಪಿನಲ್ಲೇ ಕಾಕಾ ಪದ ಕಲಿತದ್ದು. ಒಬ್ಬನ ಕೈಯಲ್ಲಿ ಏಕತಾರಿ, ಒಬ್ಬನ ಕೈಯಲ್ಲಿ ತಾಳ, ಮತ್ತೊಬ್ಬನ ಕೈಯಲ್ಲಿ ದಪ್ಪು. ಹಾಡೋದು ಹೆಚ್ಚಾಗಿ ತತ್ವಪದ. ಕಡಕೋಳ ಮಡಿವಾಳಪ್ಪ ನಮ್ಮ ಜಿಲ್ಲೆಯವನೇ. ಅವನ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬನೂ ಇದ್ದ, ಖೈನೂರ ಕೃಷ್ಣಪ್ಪನೂ ಇದ್ದ. ಜಾತಿ, ಧರ್ಮ ಕೇಳದ ಆ ಪರಂಪರೆ ಖಣಿಯ ಗುಂಪಿಗೆ ಹೇಳಿ ಮಾಡಿಸಿದಂತಿತ್ತು. ಗುರು ಹಾಡ್ತಾನೆ, ಹಿಮ್ಮೇಳ ತಿರುಗಿ ಹಾಡ್ತದೆ, ಪಲ್ಲವಿ ಮತ್ತೆ ಮತ್ತೆ ಬರ್ತದೆ, ಕೊನೆಗೆ ಅಂಕಿತ ಬಂದ್ರೆ ಪದ ಮುಗೀತು ಅಂತ ಗೊತ್ತಾಗ್ತದೆ. ಓದು ಬಾರದವನು ನೆನಪಿಡೋಕೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಇಲ್ಲ. ನಮ್ಮೂರಿಂದ ಮಳಖೇಡ ದೂರ ಇಲ್ಲ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯ 9ನೇ ಶತಮಾನದಲ್ಲೇ, ಓದದಿದ್ದರೂ ಕಾವ್ಯ ಬಲ್ಲ ಜನ ಇವರು ಅಂತ ಕವಿರಾಜಮಾರ್ಗದಲ್ಲಿ ನಮ್ಮವರ ಬಗ್ಗೆ ಬರೆದಿದ್ದಾನೆ. ಅದನ್ನ ಓದಿದಾಗ ನನಗೆ ನೆನಪಾದವನು ಕಾಕಾನೇ.

ಕೆಲವು ವರ್ಷಗಳ ಹಿಂದೆ ಕಾಕಾನ ಲಿವರ್ ಕೆಟ್ಟಿತು. "ಇನ್ನೊಂದು ಹನಿ ಮುಟ್ಟಿದ್ರೆ ನಾ ಜವಾಬ್ದಾರ ಅಲ್ಲ" ಅಂದ್ರು ಡಾಕ್ಟರು. ಕಾಕಾ ಬಿಟ್ಟ, ಪೂರ್ತಿ ಬಿಟ್ಟ. ಮನೆಯಲ್ಲಿ ಕಾಕಿ ಹೊಸ ಹರೆಯ ಬಂದವಳ ಹಂಗೆ ನಗ್ತಾ ಓಡಾಡಿದಳು. ಆದರೆ ಕಾಕಾನ ಪದಗಳು ಹೋದವು. ನಾನು ಫೋನ್ ಹಿಡ್ಕೊಂಡು ರೆಕಾರ್ಡ್ ಮಾಡೋಕೆ ಕೂತಾಗ ಪಲ್ಲವಿ ಹಾಡಿ, ಒಂದು ನುಡಿ ಹಾಡಿ, ನಿಂತುಬಿಟ್ಟ.

"ಮುಂದ ಬರವಲ್ದು ತಮ್ಮಾ. ಒಂದೀಟು ಹಾಕ್ಕೊಂಡ್ರ ಬರ್ತದ."

ನಾನು ಸುಳ್ಳು ಹೇಳಲ್ಲ, ಆ ಕ್ಷಣ ಆಸೆ ಹುಟ್ಟಿತು. ಒಂದೇ ಗ್ಲಾಸು, ಅದರ ಬದಲಿಗೆ ನೂರು ಪದ. ಬೇರೆ ಯಾರೂ ಬರೆದಿಟ್ಟುಕೊಳ್ಳದ ಪದಗಳು ಅದರಲ್ಲಿ ಎಷ್ಟಿದ್ದವೋ. ಒಳಗಿಂದ ಕಾಕಿ ಎಲ್ಲ ಕೇಳಿಸ್ಕೊಂಡಿದ್ದಳು. "ಪದ ಬೇಕಾಗ್ಯಾವೋ, ಕಾಕಾ ಬೇಕಾಗ್ಯಾನೋ?" ಅಂದಳು. ಅಷ್ಟೇ.

ಆ ರಾತ್ರಿ ನಿದ್ದೆ ಬರದೆ ಓದೋಕೆ ಕೂತೆ. 1830ರ ದಶಕದಲ್ಲೇ ಜಾರ್ಜ್ ಕೂಂಬ್ ಅನ್ನೋ ಸ್ಕಾಟ್ಲೆಂಡಿನ ಲೇಖಕ ಐರ್ಲೆಂಡಿನ ಒಬ್ಬ ಹಮಾಲಿಯ ಕತೆ ಬರೆದಿದ್ದ. ಆ ಹಮಾಲಿ ಕುಡಿದಾಗ ಒಂದು ಗಂಟು ಎಲ್ಲೋ ಬಿಟ್ಟು ಬಂದ, ಅಮಲು ಇಳಿದಾಗ ಎಲ್ಲಿ ಅಂತ ನೆನಪಾಗಲಿಲ್ಲ, ಮತ್ತೆ ಕುಡಿದಾಗ ನೆನಪಾಯ್ತು. 1969ರಲ್ಲಿ ಡೊನಾಲ್ಡ್ ಗುಡ್ವಿನ್ ಮತ್ತು ಸಂಗಡಿಗರು ಅಮೆರಿಕದಲ್ಲಿ 48 ವೈದ್ಯಕೀಯ ವಿದ್ಯಾರ್ಥಿಗಳ ಮೇಲೆ ಇದನ್ನ ಪರೀಕ್ಷೆ ಮಾಡಿದರು. ಕುಡಿದು ಕಲಿತದ್ದರಲ್ಲಿ ಕೆಲವು ಸಂಗತಿ ಮರುದಿನ ಮತ್ತೆ ಕುಡಿದಾಗಲೇ ಚೆನ್ನಾಗಿ ನೆನಪಿಗೆ ಬಂದವು. ಅಂದ್ರೆ ಊರಿನ ಜನ ಹೇಳ್ತಿದ್ದದ್ದು ಸುಳ್ಳಲ್ಲ. ಆದರೆ ಪೂರ್ತಿ ಸತ್ಯವೂ ಅಲ್ಲ. ಎಲ್ಲರಿಗಿಂತ ಕಡಿಮೆ ತಪ್ಪು ಮಾಡಿದವರು ಎರಡೂ ದಿನ ಕುಡಿಯದೇ ಇದ್ದವರು. ಹೆಂಡ ನೆನಪು ಕೊಡಲ್ಲ, ನೆನಪಿಗೆ ಬೀಗ ಹಾಕಿ ಕೀಲಿಕೈ ತನ್ನ ಹತ್ರ ಇಟ್ಕೋತದೆ.

ಆ ಬೀಗಕ್ಕೆ ಬೇರೆ ಕೀಲಿಕೈ ಉಂಟೇ? 1975ರಲ್ಲಿ ಗಾಡನ್ ಮತ್ತು ಬ್ಯಾಡ್ಲಿ ಎಂಬ ಇಬ್ಬರು, ನೀರೊಳಗೆ ಮುಳುಗುವವರಿಗೆ ದಂಡೆಯ ಮೇಲೂ ನೀರಿನಲ್ಲೂ ಪದಪಟ್ಟಿ ಕಲಿಸಿ ನೋಡಿದರು. ಕಲಿತ ಜಾಗದಲ್ಲೇ ಕೇಳಿದಾಗ ಹೆಚ್ಚು ನೆನಪಾಯ್ತು. 1979ರಲ್ಲಿ ಸ್ಟೀವನ್ ಸ್ಮಿತ್, ಕಲಿತ ಕೋಣೆಯನ್ನ ಮನಸ್ಸಿನಲ್ಲಿ ತಂದುಕೊಂಡರೂ ಸಾಕು ಅಂತ ತೋರಿಸಿದ. ಅಮಲು ಅನ್ನೋದು ಕಲಿಕೆಯ ಸುತ್ತ ಇದ್ದ ಹತ್ತು ಸಂಗತಿಗಳಲ್ಲಿ ಒಂದು. ಉಳಿದ ಒಂಬತ್ತಕ್ಕೆ ಡಾಕ್ಟರ ಅಡ್ಡಿ ಇಲ್ಲವಲ್ಲ!

ದೀಪಾವಳಿ ರಜೆಯಲ್ಲಿ ಕಾಕಾನನ್ನ ಶಹಾಬಾದಿಗೆ ಕರ್ಕೊಂಡು ಹೋದೆ. ಅವನ ಹಳೆ ಖಣಿಯಲ್ಲಿ ಈಗ ನೀರು ನಿಂತಿದೆ, ಸುತ್ತ ಜಾಲಿ ಬೆಳೆದಿದೆ. ಹಳೇ ಗುಂಪಿನಲ್ಲಿ ಉಳಿದಿದ್ದ ಇಬ್ಬರು ಬಂದರು, ಒಬ್ಬರು ವಾಡಿಯಿಂದ, ಒಬ್ಬರು ಚಿಂಚೋಳಿ ಕಡೆಯ ತಾಂಡಾದಿಂದ. ಸಂಜೆ ಹೊತ್ತು, ಅದೇ ಫರಸಿ ಬಂಡೆ, ಏಕತಾರಿ, ತಾಳ. ಕುಡಿಯೋಕೆ ಬೆಲ್ಲದ ಚಹಾ. ಮೊದಲ ಅರ್ಧ ತಾಸು ಬರೀ ಕೆಮ್ಮು, ಸತ್ತವರ ಸುದ್ದಿ. ಆಮೇಲೆ ತಾಂಡಾದ ಅಜ್ಜ ತಾಳ ಹಿಡಿದು ಹಿಮ್ಮೇಳ ಎತ್ತಿದ. ಕಾಕಾನ ಬಾಯಿಗೆ ಮುಂದಿನ ನುಡಿ ಬಂತು. ಅವನಿಗೇ ಗಾಬರಿ ಆಯ್ತು, ನಿಲ್ಲಿಸಿ ನನ್ನ ಮುಖ ನೋಡಿದ. "ಹಾಡ್ರಿ ಕಾಕಾ, ನಿಲ್ಲಬ್ಯಾಡ್ರಿ" ಅಂದೆ.

ಆ ರಾತ್ರಿ ಹನ್ನೊಂದು ಪದ ಪೂರ್ತಿ ಬಂದವು, ನಾಕು ಅರ್ಧಕ್ಕೆ ನಿಂತವು. ನೂರು ಬರಲಿಲ್ಲ. ಉಳಿದವು ಬರ್ತಾವೋ ಇಲ್ಲವೋ, ಗ್ಲಾಸು ಕೊಟ್ಟಿದ್ರೆ ಬರ್ತಿದ್ದವೋ ಏನೋ. ಆ ಲೆಕ್ಕ ಬಿಟ್ಟೆ.

ಯುಕುಲೇಲಿಗೂ ಒಂದು ಕೂಲಿಯ ಕತೆ ಇದೆ. 1879ರಲ್ಲಿ ರೇವನ್ಸ್‌ಕ್ರಾಗ್ ಹಡಗಿನಲ್ಲಿ ಮಡೈರಾ ದ್ವೀಪದ ಪೋರ್ಚುಗೀಸರು ಹವಾಯಿಯ ಕಬ್ಬಿನ ತೋಟದ ಕೆಲಸಕ್ಕೆ ಬಂದಾಗ ತಮ್ಮ ಸಣ್ಣ ತಂತಿವಾದ್ಯವನ್ನೂ ತಂದರು. ಅದೇ ಮುಂದೆ ಯುಕುಲೇಲಿ ಆಯ್ತು. ದೂರದೂರಿನ ದುಡಿಮೆಗೆ ಹೋದವರು ಕೈಯಲ್ಲಿ ಹಿಡಿಯುವಷ್ಟು ಸಣ್ಣದನ್ನೇ ಒಯ್ಯೋದು, ನಮ್ಮ ಏಕತಾರಿಯ ಹಂಗೆ.

ಈಗ ನಾನು ಭಾನುವಾರ ಬೆಳಿಗ್ಗೆ ಚಹಾ ಕುಡಿದೇ ಅಭ್ಯಾಸಕ್ಕೆ ಕೂಡ್ತೀನಿ. ಆ ಹನ್ನೊಂದರಲ್ಲಿ ಮೂರು ಪದ ಕಲಿತಿದ್ದೀನಿ, ನಿಧಾನ ಆಗ್ತಿದೆ. ಹೋದ ವಾರ ವಿಡಿಯೋ ಕಾಲ್‌ನಲ್ಲಿ ಒಂದನ್ನ ನುಡಿಸಿ ಹಾಡಿದೆ. ಕಾಕಾ ಕೇಳಿ, "ಏಕತಾರಿಗಿ ಮೂರು ತಂತಿ ಜಾಸ್ತಿ ಯಾಕ ಕಟ್ಟೀದಿ?" ಅಂದ. ಆಮೇಲೆ ನಾನು ತಪ್ಪಿದ ನುಡಿಯನ್ನ ಅವನೇ ಹಾಡಿ ತಿದ್ದಿದ.