ಮುಕ್ತಾಯಕ್ಕ: ಒಂದು ವಿರಳ ಹೆಸರಿನ ಹುಟ್ಟು, ಅರ್ಥ ಮತ್ತು ಬಳಕೆ

12ನೆಯ ಶತಮಾನದ ಶರಣೆಯರ ಹೆಸರುಗಳಲ್ಲಿ ಮಹಾದೇವಿ, ನೀಲಮ್ಮ, ಗಂಗಮ್ಮ, ನಾಗಮ್ಮ, ಲಕ್ಕಮ್ಮ ಎಂಬುವು ಇಂದಿಗೂ ನಾಡಿನ ಊರೂರುಗಳಲ್ಲಿ ಕೇಳಿಬರುತ್ತವೆ. ಅದೇ ಅನುಭಾವಿಗಳ ಸಾಲಿಗೆ ಸೇರಿದ ‘ಮುಕ್ತಾಯಕ್ಕ’ ಎಂಬ ಹೆಸರು ಮಾತ್ರ ತೀರ ವಿರಳ. ಶಿಶುವಿಗೆ ಲಿಂಗಧಾರಣೆ ಮಾಡಿಸಿ ಹೆಸರಿಡಲು ಮಠಕ್ಕೆ ಬರುವ ತಂದೆತಾಯಿಗಳು ಶರಣೆಯರ ಹೆಸರನ್ನೇ ಅಪೇಕ್ಷಿಸುವುದುಂಟು. ಆಗ ಈ ಹೆಸರನ್ನು ಸೂಚಿಸಿದರೆ ಹಲವರು ಹಿಂಜರಿಯುತ್ತಾರೆ. ‘ಮುಕ್ತಾಯ’ ಎಂದರೆ ಕೊನೆಯಲ್ಲವೇ, ಹೆಣ್ಣುಮಗುವಿಗೆ ಅಂತಹ ಹೆಸರೇಕೆ ಎಂಬುದು ಅವರ ಶಂಕೆ. ಈ ಶಂಕೆ ಸಹಜವಾದುದು; ಆದರೆ ಹೆಸರಿನ ರಚನೆಯೂ ಇತಿಹಾಸವೂ ಇದಕ್ಕೆ ಸ್ಪಷ್ಟವಾದ ಸಮಾಧಾನವನ್ನು ಒದಗಿಸುತ್ತವೆ.

ಹೆಸರಿನ ರಚನೆ

‘ಮುಕ್ತ’ ಎಂಬುದು ಬಿಡು, ಬಿಡುಗಡೆ ಮಾಡು ಎಂಬರ್ಥದ ‘ಮುಚ್’ ಎಂಬ ಸಂಸ್ಕೃತ ಧಾತುವಿನಿಂದ ಬಂದ ರೂಪ. ಮುಕ್ತಿ, ಮೋಕ್ಷ, ವಿಮೋಚನೆ ಎಂಬ ಶಬ್ದಗಳೂ ಇದೇ ಧಾತುವಿನವು. ಸ್ತ್ರೀಲಿಂಗದಲ್ಲಿ ‘ಮುಕ್ತಾ’ ಎಂದರೆ ಬಿಡುಗಡೆ ಹೊಂದಿದವಳು. ಇದೇ ಶಬ್ದಕ್ಕೆ ಮುತ್ತು ಎಂಬ ಅರ್ಥವೂ ಉಂಟು; ‘ಮುಕ್ತಾಫಲ’, ‘ಮುಕ್ತಾಹಾರ’ ಎಂಬಲ್ಲಿ ಆ ಅರ್ಥವನ್ನೇ ಕಾಣುತ್ತೇವೆ. ಹೀಗೆ ಒಂದೇ ಹೆಸರಿನಲ್ಲಿ ಬಿಡುಗಡೆಯೂ ಮುತ್ತೂ ಕೂಡಿಕೊಂಡಿವೆ.

ಮುಂದಿನ ಭಾಗವನ್ನು ವ್ಯಾಕರಣದ ದೃಷ್ಟಿಯಿಂದ ಎರಡು ಬಗೆಯಲ್ಲಿ ಬಿಡಿಸಬಹುದು. ‘ಮುಕ್ತಾ’ ಎಂಬುದಕ್ಕೆ ‘ಅಕ್ಕ’ ಸೇರುವಾಗ ನಡುವೆ ಯಕಾರ ಆಗಮವಾಗಿ ‘ಮುಕ್ತಾಯಕ್ಕ’ ಎಂದಾಗುತ್ತದೆ. ಇಲ್ಲವೇ, ತಾಯಿ ಎಂಬರ್ಥದ ‘ಆಯಿ’ ಸೇರಿ ‘ಮುಕ್ತಾಯಿ’ ಎಂದಾಗಿ, ಅದಕ್ಕೆ ‘ಅಕ್ಕ’ ಕೂಡುವಾಗ ಇಕಾರ ಲೋಪವಾಗಿ ಈ ರೂಪ ಸಿದ್ಧಿಸುತ್ತದೆ. ‘ಆಯಿ’ ಎಂಬುದು ಮರಾಠಿಯಲ್ಲಿ ತಾಯಿಗೆ ಸಲ್ಲುವ ಮಾತು. ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಅಜ್ಜಿಯನ್ನೂ ಹಾಗೆಯೇ ಕರೆಯುತ್ತಾರೆ. ಯಾವ ಬಗೆಯಲ್ಲಿ ಬಿಡಿಸಿದರೂ ಸಮಾಪ್ತಿ ಎಂಬರ್ಥದ ‘ಮುಕ್ತಾಯ’ ಎಂಬ ಪದ ಈ ಹೆಸರಿನ ಅಂಗವಲ್ಲ. ಕಿವಿಗೆ ಎರಡೂ ಒಂದೇ ಆಗಿ ಕೇಳುತ್ತವೆ, ಅಷ್ಟೆ.

‘ಅಕ್ಕ’ ಎಂಬುದು ಇಲ್ಲಿ ವಯಸ್ಸನ್ನಷ್ಟೇ ಹೇಳುವ ಸಂಬಂಧವಾಚಕವಲ್ಲ, ಗೌರವವಾಚಕ. ಕನ್ನಡದಲ್ಲಿ ಸ್ತ್ರೀನಾಮಗಳಿಗೆ ಅಬ್ಬೆ, ಅವ್ವೆ, ಅಮ್ಮ, ಅಕ್ಕ, ಅಂಬಿಕೆ ಎಂಬುವು ಹೀಗೆ ಸೇರುತ್ತ ಬಂದಿವೆ. ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರಿನಲ್ಲಿ ‘ಅಬ್ಬೆ’ ಇದೆ. ಶರಣೆ ಗೊಗ್ಗವ್ವೆಯ ಹೆಸರಿನಲ್ಲಿ ‘ಅವ್ವೆ’ ಇದೆ. ಅದೇ ಲಕ್ಕುಂಡಿಯ ಮಗಳಾದ ಮುಕ್ತಾಯಕ್ಕನ ಹೆಸರಿನಲ್ಲಿ ‘ಅಕ್ಕ’ ಇದೆ.

ಶರಣೆ ಮುಕ್ತಾಯಕ್ಕ

ಇಂದಿನ ಗದಗ ಜಿಲ್ಲೆಯ ಲಕ್ಕುಂಡಿ ಮುಕ್ತಾಯಕ್ಕನ ತವರು. ಮಸಳಿಕಲ್ಲು ಆಕೆಯ ಗಂಡನ ಊರು. ಅಣ್ಣ ಅಜಗಣ್ಣನೇ ಆಕೆಗೆ ಗುರು. ಅಜಗಣ್ಣ ತನ್ನ ಭಕ್ತಿಯನ್ನು ಲೋಕದ ಕಣ್ಣಿಗೆ ಬೀಳದಂತೆ ಒಳಗೇ ಬಚ್ಚಿಟ್ಟುಕೊಂಡ ಗುಪ್ತಭಕ್ತ. ಆತನು ಲಿಂಗೈಕ್ಯನಾದಾಗ ತಂಗಿಯ ದುಃಖಕ್ಕೆ ಎಣೆಯಿರಲಿಲ್ಲ. ಆ ದುಃಖದ ನಡುವೆ ಅಲ್ಲಮಪ್ರಭುಗಳು ಆಕೆಯನ್ನು ಕಂಡು ಮಾತನಾಡಿಸುತ್ತಾರೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಸಂಕಲಿಸಿದ ‘ಶೂನ್ಯಸಂಪಾದನೆ’ಯಲ್ಲಿಯೂ ಅನಂತರದ ಸಂಪಾದನೆಗಳಲ್ಲಿಯೂ ಈ ಸಂವಾದಕ್ಕೆ ದೊರೆತಿರುವ ಸ್ಥಾನ ದೊಡ್ಡದು.

ಮುಕ್ತಾಯಕ್ಕ ಪ್ರಭುಗಳ ಮಾತನ್ನು ತಲೆಬಾಗಿ ಕೇಳಿ ಸುಮ್ಮನಾಗುವವಳಲ್ಲ. ಅರಿವು ಮಾತಿಗೆ ನಿಲುಕದ್ದಾದರೆ ಅದನ್ನು ಮಾತಿನಲ್ಲಿ ಬೋಧಿಸುವುದು ಹೇಗೆ, ನುಡಿ ಇನ್ನೂ ಉಳಿದಿರುವವನು ನಿಜವನ್ನು ಮುಟ್ಟಿದವನೆಂದು ನಂಬುವುದು ಹೇಗೆ ಎಂಬ ಧಾಟಿಯಲ್ಲಿ ಆಕೆ ಪ್ರಶ್ನಿಸುತ್ತಾಳೆ. ಪ್ರಭುಗಳು ಆ ಪ್ರಶ್ನೆಗಳನ್ನು ಉದ್ಧಟತನವೆಂದು ತಳ್ಳಿಹಾಕದೆ ಒಂದೊಂದಕ್ಕೂ ಉತ್ತರಿಸುತ್ತಾರೆ. ಕೊನೆಗೆ ಆಕೆಯ ಶೋಕ ಅರಿವಾಗಿ ಮಾರ್ಪಡುತ್ತದೆ. ಆ ಭಾಗಕ್ಕೆ ‘ಮುಕ್ತಾಯಕ್ಕಗಳ ಸಂಪಾದನೆ’ ಎಂಬ ಹೆಸರಿರುವುದನ್ನು ಗಮನಿಸಬೇಕು. ‘ಅಯ್ಯಗಳು’, ‘ದೇವರುಗಳು’ ಎಂಬಲ್ಲಿರುವ ಗೌರವಾರ್ಥದ ಬಹುವಚನವೇ ಈ ಹೆಣ್ಣುಮಗಳಿಗೂ ಸಂದಿದೆ.

ಮುಕ್ತಾಯಕ್ಕನ 30ಕ್ಕೂ ಹೆಚ್ಚು ವಚನಗಳು ದೊರೆತಿವೆ. ತಾನು ಕಳೆದುಕೊಂಡ ಅಣ್ಣನ ಹೆಸರನ್ನೇ ಆಕೆ ಅಂಕಿತವಾಗಿ ಇರಿಸಿಕೊಂಡಿದ್ದಾಳೆ. ಬಿಡುಗಡೆ ಹೊಂದಿದವಳು ಎಂಬುದು ಜನ್ಮದಲ್ಲಿ ಬಂದ ಹೆಸರಾದರೆ, ಅದನ್ನು ಸಾರ್ಥಕಪಡಿಸಿಕೊಂಡದ್ದು ಆಕೆಯ ಪ್ರಶ್ನೆ ಮತ್ತು ಸಾಧನೆ.

ಇತರ ಪರಂಪರೆಗಳಲ್ಲಿ

ಇದೇ ಅರ್ಥದ ಹೆಸರು ಭಾರತದ ಬೇರೆ ಪರಂಪರೆಗಳಲ್ಲಿಯೂ ಅರಿವಿನ ಹೆಣ್ಣುಮಕ್ಕಳಿಗೆ ಸೇರಿದುದಾಗಿದೆ. ಬೌದ್ಧ ಭಿಕ್ಷುಣಿಯರ ಪದ್ಯಗಳ ಸಂಗ್ರಹವಾದ ಪಾಳಿಯ ‘ಥೇರೀಗಾಥೆ’ಯಲ್ಲಿ ‘ಮುತ್ತಾ’ ಎಂಬ ಹೆಸರಿನ ಇಬ್ಬರು ಥೇರಿಯರಿದ್ದಾರೆ. ‘ಮುಕ್ತಾ’ ಎಂಬುದರ ಪಾಳಿ ರೂಪವೇ ‘ಮುತ್ತಾ’. ಅವರಲ್ಲಿ ಒಬ್ಬಳು ಒರಳು, ಒನಕೆಗಳ ದುಡಿಮೆಯಿಂದಲೂ ದಾಂಪತ್ಯದ ಬಂಧನದಿಂದಲೂ ಬಿಡುಗಡೆಯಾದುದನ್ನು ತನ್ನ ಹೆಸರಿನ ಅರ್ಥದೊಡನೆ ಬೆಸೆದು ಹೇಳಿಕೊಂಡಿದ್ದಾಳೆ.

ಮಹಾರಾಷ್ಟ್ರದಲ್ಲಿ ಜ್ಞಾನೇಶ್ವರರ ತಂಗಿ ಮುಕ್ತಾಬಾಯಿ (1279–1297) ವಾರಕರಿ ಪರಂಪರೆಯ ಪೂಜ್ಯ ಸಂತಳು. ಲೋಕದ ನಡೆಗೆ ನೊಂದು ಕದವಿಕ್ಕಿಕೊಂಡ ಅಣ್ಣನಿಗೆ ಬಾಗಿಲು ತೆರೆಯೆಂದು ಆಕೆ ಬುದ್ಧಿ ಹೇಳಿದ ಅಭಂಗಗಳು ಪ್ರಸಿದ್ಧವಾಗಿವೆ. ವಯೋವೃದ್ಧ ಯೋಗಿ ಚಾಂಗದೇವ ಆಕೆಯನ್ನೇ ಗುರುವಾಗಿ ಸ್ವೀಕರಿಸಿದನೆಂಬುದು ಪರಂಪರೆಯ ನಂಬಿಕೆ. ಜಳಗಾಂವ ಜಿಲ್ಲೆಯ ಎದಲಾಬಾದ್ ಇಂದು ಆಕೆಯ ಹೆಸರಿನಿಂದ ಮುಕ್ತಾಯಿನಗರವೆನಿಸಿದೆ. ಸಾವಿತ್ರಿಬಾಯಿ ಫುಲೆಯವರ ಶಾಲೆಯ ವಿದ್ಯಾರ್ಥಿನಿ ಮುಕ್ತಾ ಸಾಳವೆ 1855ರಲ್ಲಿ ತನ್ನ ಸಮುದಾಯದ ಸಂಕಟವನ್ನು ಕುರಿತು ಬರೆದ ಪ್ರಬಂಧವೂ ಇತಿಹಾಸದಲ್ಲಿ ನಿಂತಿದೆ. ಕನ್ನಡದ ಮುಕ್ತಾಯಕ್ಕ ಮರಾಠಿಯ ಮುಕ್ತಾಬಾಯಿಗಿಂತ ಸುಮಾರು ಒಂದು ಶತಮಾನ ಹಿಂದಿನವಳು ಎಂಬುದನ್ನು ನೆನೆಯುವುದು ಉಚಿತ.

ಬಳಕೆ ಏಕೆ ವಿರಳವಾಯಿತು

ಇದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದಾಗಿ, ಹರಿಹರನ ರಗಳೆಯಿಂದ ಮೊದಲ್ಗೊಂಡು ನಾಟಕ, ಹಾಡು, ಚಲನಚಿತ್ರಗಳವರೆಗೆ ಅಕ್ಕಮಹಾದೇವಿಯ ಕಥೆ ಜನಮನವನ್ನು ತುಂಬಿತು. ಮುಕ್ತಾಯಕ್ಕನದು ಮಾತು, ಮೌನ, ಅರಿವುಗಳ ಸೂಕ್ಷ್ಮ ಚರ್ಚೆ. ಅದು ಪಂಡಿತರ ವಲಯದಲ್ಲೇ ಹೆಚ್ಚಾಗಿ ಉಳಿಯಿತು. ಎರಡನೆಯದಾಗಿ, ಶಾಲೆ ಕಚೇರಿಗಳ ದಾಖಲೆಗಳ ಕಾಲದಲ್ಲಿ ಅಕ್ಕ, ಅವ್ವ ಎಂಬ ಗೌರವದ ಅಂತ್ಯಗಳು ಹಳೆಯ ಕಾಲದವೆನಿಸಿ ಕಳಚಿಹೋದವು. ‘ಮುಕ್ತಾ’ ಎಂಬ ಕಿರಿಯ ರೂಪವಷ್ಟೇ ಅಲ್ಲಲ್ಲಿ ಉಳಿಯಿತು. ಮೂರನೆಯದು, ಆರಂಭದಲ್ಲಿ ಹೇಳಿದ ‘ಕೊನೆ’ ಎಂಬ ಅಪಾರ್ಥ.

ಈ ಮೂರನೆಯ ಕಾರಣವನ್ನು ಹಗುರವಾಗಿ ಕಾಣಲಾಗದು. ಹೆಣ್ಣು ಸಾಕೆನಿಸಿದಾಗ ಆ ಬೇಸರವನ್ನೇ ಮಗುವಿಗೆ ಹೆಸರಾಗಿ ಇಡುವ ರೂಢಿ ನಮ್ಮ ಸಮಾಜದಲ್ಲಿ ಇದ್ದುದು ನಿಜ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ‘ಬೇಡವಾದವಳು’ ಎಂಬರ್ಥದ ‘ನಕುಸಾ’, ‘ನಕೋಶಿ’ ಎಂಬ ಹೆಸರುಗಳನ್ನು ಹೊತ್ತಿದ್ದ 200ಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ 2011ರಲ್ಲಿ ಜಿಲ್ಲಾಡಳಿತವೇ ಮುಂದೆ ನಿಂತು ಹೊಸ ಹೆಸರುಗಳನ್ನು ಇಡಿಸಿತು. ಇಂತಹ ನೆನಪುಗಳಿರುವಾಗ ತಂದೆತಾಯಿಗಳು ಅರ್ಥವನ್ನು ವಿಚಾರಿಸುವುದು ಒಳ್ಳೆಯದೇ. ಆದರೆ ಹಾಗೆ ವಿಚಾರಿಸಿದವರಿಗೆ ಮುಕ್ತಾಯಕ್ಕ ಎಂಬ ಹೆಸರು ಅದಕ್ಕೆ ನೇರ ವಿರುದ್ಧವಾದ ಅರ್ಥವನ್ನು ಕೊಡುತ್ತದೆ: ಬೇಡವಾದವಳಲ್ಲ, ಬಿಡುಗಡೆಯಾದವಳು.

ಆಧುನಿಕ ಕನ್ನಡದಲ್ಲಿ ಈ ಹೆಸರು ಪೂರ್ಣರೂಪದಲ್ಲಿಯೇ ಬೆಳಗಿರುವುದಕ್ಕೆ ರಾಯಚೂರಿನ ಕವಯಿತ್ರಿ ಎಚ್.ಎಸ್. ಮುಕ್ತಾಯಕ್ಕ ಅವರು ನಿದರ್ಶನ. 2006ರ ಬೀದರ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಶಾಂತರಸರ ಪುತ್ರಿಯಾದ ಅವರು ಕನ್ನಡ ಗಜಲ್ ಪ್ರಕಾರದಲ್ಲಿ ಮುಖ್ಯ ಹೆಸರಾಗಿದ್ದಾರೆ.

ಹೆಸರಿಡುವವರಿಗೆ

ಶರಣರ ಹೆಸರನ್ನು ಮಗುವಿಗಿಡುವುದು ಅಲಂಕಾರಕ್ಕಲ್ಲ. ಆ ಹೆಸರಿನ ಹಿಂದಿರುವ ನಡೆಯನ್ನು ಮನೆಯೊಳಗೆ ಬರಮಾಡಿಕೊಳ್ಳುವುದಕ್ಕೆ. ಮಗಳಿಗೆ ಮುಕ್ತಾಯಕ್ಕನ ಹೆಸರನ್ನಿಟ್ಟು, ಅವಳು ಪ್ರಶ್ನೆ ಕೇಳಿದಾಗ ಬಾಯಿ ಮುಚ್ಚಿಸಿದರೆ ಹೆಸರು ಬರಿದಾಗುತ್ತದೆ. ಪ್ರಭುದೇವರು ಉತ್ತರಿಸಿದಂತೆ ತಾಳ್ಮೆಯಿಂದ ಉತ್ತರಿಸಿದರೆ, ದಾಖಲೆಯಲ್ಲಿ ‘ಮುಕ್ತಾ’ ಎಂದಷ್ಟೇ ಬರೆಸಿದ್ದರೂ ಅದು ಪೂರ್ಣವೇ. ಈ ಹೆಸರು ನಾಡಿನ ತೊಟ್ಟಿಲುಗಳಲ್ಲಿ ಮತ್ತೆ ಕೇಳಿಬರಲೆಂದು ಆಶಿಸೋಣ.