ವೈಜ್ಞಾನಿಕ ವಿಧಾನ: ಮಕ್ಕಳ ಕಲಿಕೆಯಲ್ಲಿ

ಗಮನಿಸುವುದು, ಪ್ರಶ್ನಿಸುವುದು, ಉತ್ತರ ಊಹಿಸುವುದು, ಊಹೆಯನ್ನು ಪ್ರಯೋಗದಿಂದ ಒರೆಗೆ ಹಚ್ಚುವುದು, ಫಲಿತಾಂಶ ದಾಖಲಿಸಿ ತೀರ್ಮಾನಕ್ಕೆ ಬರುವುದು: ಈ ಕ್ರಮವನ್ನು ಎಳೆಯರಿಗೆ ಕೈಯಾರೆ ಮಾಡಿಸಿ ಕಲಿಸುವ ಪದ್ಧತಿ.

ವಿಜಯಪುರ ಜಿಲ್ಲೆಯಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಕೈಗೆಟಕುವಲ್ಲೇ ಇದೆ. ತಿಕೋಟಾ, ಬಬಲೇಶ್ವರ ಭಾಗದ ರೈತರು ದ್ರಾಕ್ಷಿ ಬೆಳೆದು, ಶೆಡ್‌ಗಳಲ್ಲಿ ಒಣಗಿಸಿ ಒಣದ್ರಾಕ್ಷಿ ಮಾಡುತ್ತಾರೆ. ಅದಕ್ಕೆ ಮುನ್ನ ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದುವುದು ರೂಢಿ. ಸಿಪ್ಪೆಯ ಮೇಣದ ಪದರ ಸಡಿಲಗೊಂಡು ನೀರಿನಂಶ ಬೇಗ ಆರುತ್ತದೆ. ತರಗತಿಗೆ ರಾಸಾಯನಿಕ ಬೇಡ. ಸಮತೂಕದ ಎರಡು ಪಾಲು ದ್ರಾಕ್ಷಿಯಲ್ಲಿ ಒಂದನ್ನು ಬಿಸಿಲಿಗೆ, ಇನ್ನೊಂದನ್ನು ನೆರಳಿಗೆ ಇಟ್ಟು ದಿನವೂ ತೂಗಿದರೆ ಸಾಕು. ತಳಿ, ತಟ್ಟೆ, ತೂಗುವ ಹೊತ್ತು ಎರಡಕ್ಕೂ ಒಂದೇ ಇರಬೇಕು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕೆಂಬ ನಿಯಮ ಹೀಗೆ ಮನದಟ್ಟಾಗುತ್ತದೆ.

ನಗರದ ಗೋಳಗುಮ್ಮಟವೂ ಪ್ರಯೋಗಶಾಲೆಯೇ. 1656ರಲ್ಲಿ ಪೂರ್ಣಗೊಂಡ ಈ ಕಟ್ಟಡದ ಪಿಸುಮಾತಿನ ಗ್ಯಾಲರಿಯಲ್ಲಿ ಸದ್ದು ಹಲವು ಬಾರಿ ಮರುಧ್ವನಿಸುತ್ತದೆ. ಎಷ್ಟು ಬಾರಿ ಎಂದು ಮಕ್ಕಳು ಮೊದಲು ಊಹಿಸಿ, ಚಪ್ಪಾಳೆ ತಟ್ಟಿ ಎಣಿಸಿ, ಗೆಳೆಯರ ಲೆಕ್ಕದೊಡನೆ ಹೋಲಿಸಬಹುದು.

ಸ್ಥಳೀಯ ಸಮಸ್ಯೆಗಳ ಮೇಲೆ ಮಕ್ಕಳೇ ನಡೆಸಿದ ಅಧ್ಯಯನಗಳಿಗೆ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ವೇದಿಕೆಯಾಗಿದೆ. 10ರಿಂದ 17 ವರ್ಷದವರು ಇದರಲ್ಲಿ ಭಾಗವಹಿಸುತ್ತಾರೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲವಿಜ್ಞಾನ’ ಮಾಸಪತ್ರಿಕೆಯನ್ನು ಪ್ರಕಟಿಸುತ್ತದೆ.