ನಾದದ ಅಚ್ಚುಮೊಳೆಗಳು

ನಾನು ಚಿಕ್ಕವನಾಗಿದ್ದಾಗ ನಮ್ಮ ಬೀದಿಯ ತುದಿಯಲ್ಲಿ ಒಂದು ಸಣ್ಣ ಅಚ್ಚುಕೂಟವಿತ್ತು. ಲಗ್ನಪತ್ರಿಕೆ, ರಶೀತಿ ಪುಸ್ತಕ, ರಾಮನವಮಿಯ ಕರಪತ್ರ, ಇಂಥವನ್ನು ಅಚ್ಚುಹಾಕಿ ಅದು ಹೇಗೋ ಕಾಲ ತಳ್ಳುತ್ತಿತ್ತು. ಅಲ್ಲಿ ಮೊಳೆ ಜೋಡಿಸುವ ಮುದುಕರೊಬ್ಬರು ಕಣ್ಣನ್ನು ಹಸ್ತಪ್ರತಿಯ ಮೇಲಿಟ್ಟು ಕೈಯನ್ನು ಮಾತ್ರ ಮರದ ಕೇಸಿನ ಮನೆಯಿಂದ ಮನೆಗೆ ಓಡಿಸುತ್ತಿದ್ದರು. ಯಾವ ಅಕ್ಷರ ಎಲ್ಲಿದೆಯೆಂಬುದು ಅವರ ಬೆರಳಿಗೇ ಗೊತ್ತು. ಒಂದು ದಿನ ಕೇಸೊಂದು ಕೈತಪ್ಪಿ ಬಿದ್ದು ಮೊಳೆಗಳೆಲ್ಲ ನೆಲದ ಮೇಲೆ ಚೆಲ್ಲಾಪಿಲ್ಲಿಯಾದವು. ಒಂದು ಮೊಳೆಯೂ ಮುರಿಯಲಿಲ್ಲ, ಒಂದೂ ಕಳೆಯಲಿಲ್ಲ. ಆದರೂ ಆ ದಿನ ಅಲ್ಲಿ ಒಂದು ಪದವನ್ನು ಕೂಡ ಅಚ್ಚುಮಾಡಲಾಗಲಿಲ್ಲ. ಮುದುಕರು ಹಣೆಗೆ ಕೈಹಚ್ಚಿ ಕುಳಿತ ಭಂಗಿ ಇನ್ನೂ ನನ್ನ ಕಣ್ಣಮುಂದಿದೆ.

ಈಚೆಗೆ ಆ ಭಂಗಿ ಮತ್ತೆ ನೆನಪಾಯಿತು. ಅದಕ್ಕೆ ನಿಮಿತ್ತ ನನ್ನ ಸೋದರಮಾವನ ವೀಣೆ. ಮಾವ ದೊಡ್ಡ ವಿದ್ವಾಂಸರೆಂದು ಹೆಸರಾದವರಲ್ಲ. ಮೈಸೂರಿನ ತಮ್ಮ ಮನೆಯ ಹಜಾರದಲ್ಲಿ ನಾಲ್ಕಾರು ಮಕ್ಕಳಿಗೆ ಪಾಠ ಹೇಳಿಕೊಂಡು ತೃಪ್ತರಾಗಿದ್ದವರು. ೨೦೦೧ರ ಬೇಸಗೆಯಲ್ಲಿ ಅವರ ಮಗ ಎಲ್ಲಿಂದಲೋ ಒಂದು ಒಳ್ಳೆಯ ಮೈಕನ್ನು ಎರವಲು ತಂದ. ನಾನಾಗ ಎಂ.ಎ. ವಿದ್ಯಾರ್ಥಿ. ರಾತ್ರಿ ಬೀದಿಯ ಸದ್ದಡಗಿದ ಮೇಲೆ, ಫ್ಯಾನು ನಿಲ್ಲಿಸಿ, ಬೆವರೊರಸಿಕೊಳ್ಳುತ್ತ ಕುಳಿತೆವು. ಸಾರಣಿ ತಂತಿಯ ೨೪ ಮೆಟ್ಟಲುಗಳಲ್ಲಿ ಪ್ರತಿಯೊಂದನ್ನೂ ಮೆಲ್ಲಗೆ, ಸಾಧಾರಣವಾಗಿ, ಬಲವಾಗಿ ಮೂರು ಸಲ ಮೀಟಿಸಿ, ಒಂದೊಂದನ್ನೂ ಬೇರೆಬೇರೆಯಾಗಿ ಧ್ವನಿಮುದ್ರಿಸಿದ್ದಾಯಿತು. ಪಟ್ಟಿ ಬರೆಯುವ ಕೆಲಸ ನನ್ನದು. ಲೆಕ್ಕ ಹಾಕಿದರೆ ೭೨. "ಮೇಳಕರ್ತದ ಲೆಕ್ಕಕ್ಕೆ ಸರಿಹೋಯಿತಲ್ಲೋ" ಎಂದು ಮಾವ ನಕ್ಕರು. ಆಮೇಲೆ, "ವೀಣೆಯನ್ನು ಹೀಗೆ ಕೊಚ್ಚಿ ಡಬ್ಬಿಗೆ ತುಂಬಿಕೊಂಡು ಏನು ಮಾಡುತ್ತೀರೋ?" ಎಂದು ಕೇಳಿದರು. ಮಾರನೆಯ ರಾತ್ರಿ ಉಳಿದ ಮೂರು ತಂತಿಗಳ ಸರದಿ. ಅವರ ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಸರಿಯಾದ ಉತ್ತರವಿರಲಿಲ್ಲ.

ಮಾವ ಈಗ ಇಲ್ಲ. ಅಂದು ತುಂಬಿದ ಡಬ್ಬಿಗಳು ಉಂಟು. ಅವುಗಳ ಗತಿ ಏನಾಯಿತೆಂದು ಹೇಳುವ ಮುನ್ನ, ನಾದವನ್ನು ಕೊಚ್ಚಿ ತುಂಬುವ ಈ ವಿದ್ಯೆ ಲೋಕದಲ್ಲಿ ಹೇಗೆ ಬೆಳೆಯಿತೆಂಬುದನ್ನು ಕೊಂಚ ವಿವರಿಸಬೇಕು.

ಮೂಲದ ಆಲೋಚನೆ ಕಂಪ್ಯೂಟರಿಗಿಂತ ಹಳೆಯದು. ೧೯೬೩ರಲ್ಲಿ ಇಂಗ್ಲೆಂಡಿನಲ್ಲಿ ಮೆಲ್ಲೊಟ್ರಾನ್ ಎಂಬ ವಾದ್ಯ ಹೊರಬಂದಿತು. ನೋಡಲು ಹಾರ್ಮೋನಿಯಮ್ಮಿನ ಹಾಗೆ ಮನೆಗಳು. ಪ್ರತಿಯೊಂದು ಮನೆಯ ಕೆಳಗೂ ಒಂದೊಂದು ತುಂಡು ಟೇಪು. ಮನೆಯನ್ನು ಒತ್ತಿದರೆ ಎಂದೋ ಯಾರೋ ನುಡಿಸಿದ ಕೊಳಲಿನ ಅಥವಾ ಪಿಟೀಲಿನ ಒಂದು ಸ್ವರ ಕೇಳುತ್ತಿತ್ತು. ಆದರೆ ಸುಮಾರು ಎಂಟು ಸೆಕೆಂಡು ಮಾತ್ರ. ಅಷ್ಟರಲ್ಲಿ ಟೇಪು ಮುಗಿಯುತ್ತಿತ್ತು. ಬೆರಳೆತ್ತಿದರೆ ಅದು ಮತ್ತೆ ಮೊದಲಿಗೆ ಹಿಂದಿರುಗುತ್ತಿತ್ತು.

೧೯೭೯ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ ಎಂಬ ಇಬ್ಬರು ತರುಣರು ಟೇಪನ್ನು ತೆಗೆದುಹಾಕಿ ಆ ಸ್ಥಳದಲ್ಲಿ ಅಂಕಿಗಳನ್ನಿಟ್ಟರು. ಅವರ ಯಂತ್ರದ ಹೆಸರು ಫೇರ್‌ಲೈಟ್. ರೇಡಿಯೋದಲ್ಲಿ ಬರುತ್ತಿದ್ದ ಪಿಯಾನೋ ವಾದನದಿಂದ ವೋಗೆಲ್ ಸುಮಾರು ಒಂದು ಸೆಕೆಂಡಿನಷ್ಟನ್ನು ಹಿಡಿದು, ಬೇರೆಬೇರೆ ವೇಗದಲ್ಲಿ ನುಡಿಸಿ ನೋಡಿದರಂತೆ. ಗಣಿತದಿಂದ ಕಟ್ಟಿದ ಕೃತಕ ನಾದಕ್ಕಿಂತ ಅದೇ ನಿಜವಾದ ಪಿಯಾನೋವಿಗೆ ಹತ್ತಿರವೆನಿಸಿತು. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದಂತೆ, ಇಡೀ ವಾದ್ಯಕ್ಕೆ ಒಂದು ಚೂರು ನಾದವನ್ನು ಪ್ರತಿನಿಧಿಯಾಗಿಸುವ ಈ ಕ್ರಮಕ್ಕೆ ಸ್ಯಾಂಪ್ಲಿಂಗ್ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಇವರಿಂದಲೇ. ಯಂತ್ರದ ಬೆಲೆ ಮಾತ್ರ ಶ್ರೀಮಂತರಿಗೆ ಮಾತ್ರ ಎಟುಕುವಂಥದು. ೧೯೮೧ರಲ್ಲಿ ಕ್ಯಾಲಿಫೋರ್ನಿಯದ ಈಮು ಸಂಸ್ಥೆ ಎಮ್ಯುಲೇಟರ್ ಎಂಬುದನ್ನು ಇನ್ನೂ ಅಗ್ಗವಾಗಿ ಮಾಡಿತು. ಅದರ ಜ್ಞಾಪಕಶಕ್ತಿ ಒಟ್ಟು ೧೨೮ ಕಿಲೋಬೈಟ್. ಈಗಿನ ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಯಲಾರದು.

ಇಲ್ಲಿಂದ ಮುಂದೆ ಕೇಸಿನ ಸಮಸ್ಯೆ ಹುಟ್ಟುತ್ತದೆ. ನಾದದ ಚೂರನ್ನು ಎರಡರಷ್ಟು ವೇಗದಲ್ಲಿ ಓಡಿಸಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ, ನಿಜ. ಆದರೆ ಹಾಗೆ ಬಹುದೂರ ಎಳೆದರೆ ಪಿಯಾನೋ ಆಟಿಕೆಯಾಗುತ್ತದೆ, ಮನುಷ್ಯ ಕಂಠ ಅಳಿಲಿನ ಕಂಠವಾಗುತ್ತದೆ. ಆದಕಾರಣ ಮೂರು ನಾಲ್ಕು ಸ್ವರಕ್ಕೊಂದು ಚೂರು ಬೇಕು. ಮೆಲ್ಲಗೆ ಒತ್ತಿದಾಗ ಒಂದು, ಬಲವಾಗಿ ಒತ್ತಿದಾಗ ಇನ್ನೊಂದು ಬೇಕು. ಪಿಟೀಲಿನಂಥ ನಾದ ಬೆರಳೆತ್ತುವವರೆಗೆ ನಿಲ್ಲಬೇಕಾದರೆ, ಚೂರಿನ ನಡುಭಾಗ ಎಲ್ಲಿಂದ ಎಲ್ಲಿಗೆ ಸುತ್ತುಹೊಡೆಯಬೇಕೆಂಬ ಗುರುತು ಬೇಕು. ಚೂರಿನ ಮೂಲಸ್ವರ ಯಾವುದು, ಅದು ಎಷ್ಟು ಬೇಗ ಕರಗಬೇಕು, ಎಡಕ್ಕೆ ಕೇಳಬೇಕೋ ಬಲಕ್ಕೋ, ಇವಿಷ್ಟನ್ನೂ ಎಲ್ಲಾದರೂ ಬರೆದಿಡಬೇಕು. ನಾದದ ಚೂರುಗಳೇ ಮೊಳೆಗಳು. ಈ ಬರವಣಿಗೆಯೇ ಕೇಸು. ಮೊಳೆ ಮತ್ತು ಕೇಸು ಎರಡನ್ನೂ ಒಂದು ಕಡತದೊಳಗೆ ಯಾವ ಕ್ರಮದಲ್ಲಿ ಇಡಬೇಕೆಂಬ ಕಟ್ಟಳೆಗೆ ಕಂಪ್ಯೂಟರಿನವರು ಫಾರ್ಮ್ಯಾಟು ಎನ್ನುತ್ತಾರೆ.

ಎಂಬತ್ತರ ದಶಕದಲ್ಲಿ ಪ್ರತಿಯೊಂದು ಕಂಪನಿಗೂ ತನ್ನದೇ ಕಟ್ಟಳೆ. ಈಮುವಿನ ಫ್ಲಾಪಿ ಅಕಾಯ್‌ಗೆ ಅರ್ಥವಾಗದು, ಅಕಾಯ್‌ನದು ಫೇರ್‌ಲೈಟ್‌ಗೆ ಅರ್ಥವಾಗದು. ಹಾಗೆಂದು ವಾದ್ಯಗಳು ಪರಸ್ಪರ ಮಾತಾಡುತ್ತಿರಲಿಲ್ಲವೆಂದಲ್ಲ. ೧೯೮೩ರಲ್ಲಿ ಅಮೆರಿಕ ಜಪಾನುಗಳ ತಯಾರಕರು ಒಪ್ಪಿಕೊಂಡು ಮಿಡಿ ಎಂಬ ಸಮಾನ ಭಾಷೆಯನ್ನು ತಂದಿದ್ದರು. ಆದರೆ ಮಿಡಿ ಹೇಳುವುದು "ಈ ಮನೆಯನ್ನು ಇಷ್ಟು ಬಲದಿಂದ ಒತ್ತು" ಎಂದಷ್ಟೇ. ಒತ್ತಿದರೆ ಬರಬೇಕಾದ ನಾದ ಎಂಥದೆಂಬುದು ಅದರಲ್ಲಿಲ್ಲ. ಅದು ಸ್ವರಲಿಪಿ, ವಾದ್ಯವಲ್ಲ. ೧೯೯೧ರಲ್ಲಿ ಜನರಲ್ ಮಿಡಿ ಎಂಬ ಒಪ್ಪಂದದಿಂದ ೧೨೮ ವಾದ್ಯಗಳಿಗೆ ಕ್ರಮಸಂಖ್ಯೆ ಕೊಟ್ಟರು. ೧ನೆಯದು ಪಿಯಾನೋ. ನಮ್ಮ ದೇಶದ್ದು ಏನಾದರೂ ಉಂಟೇ ಎಂದು ನೋಡಿದರೆ ೧೦೫ನೆಯದು ಸಿತಾರ್, ೧೧೨ನೆಯದು ಶಹನಾಯಿ. ವೀಣೆ ಇಲ್ಲ; ಮೃದಂಗವೂ ಇಲ್ಲ, ತಬಲವೂ ಇಲ್ಲ. ಹಕ್ಕಿಯ ಚಿಲಿಪಿಲಿ, ಹೆಲಿಕಾಪ್ಟರು, ಟೆಲಿಫೋನಿನ ಗಂಟೆ, ಗುಂಡಿನ ಸದ್ದು ಇವಕ್ಕೆಲ್ಲ ಆ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಸಿಟ್ಟಿನಿಂದ ಹೇಳುವ ಮಾತಲ್ಲ ಇದು; ಪಟ್ಟಿ ಮಾಡುವವರು ತಮ್ಮ ಕಿವಿಗೆ ಬಿದ್ದದ್ದನ್ನು ಬರೆಯುತ್ತಾರೆ. ಪಟ್ಟಿಯಲ್ಲಿಲ್ಲದ ವಾದ್ಯದವರು ತಮ್ಮ ಮೊಳೆಗಳನ್ನು ತಾವೇ ಎರಕಹೊಯ್ದುಕೊಳ್ಳಬೇಕು, ಅಷ್ಟೆ.

ಹಾಗೆ ಎರಕಹೊಯ್ಯುವ ಹುಚ್ಚು ಮೊದಲು ಹತ್ತಿದ್ದು ಯೂರೋಪಿನ ಹುಡುಗರಿಗೆ. ಕೊಮೊಡೋರ್ ಕಂಪನಿಯ ಅಮಿಗ ಎಂಬ ಮನೆಬಳಕೆಯ ಕಂಪ್ಯೂಟರಿಗೆ ಏಕಕಾಲಕ್ಕೆ ನಾಲ್ಕು ನಾದಗಳನ್ನು ನುಡಿಸುವ ಶಕ್ತಿಯಿತ್ತು. ೧೯೮೭ರಲ್ಲಿ ಜರ್ಮನಿಯ ಕಾರ್‌ಸ್ಟನ್ ಒಬಾರ್ಸ್ಕಿ ಅದಕ್ಕಾಗಿ ಸೌಂಡ್‌ಟ್ರ್ಯಾಕರ್ ಎಂಬ ತಂತ್ರಾಂಶವನ್ನು ರಚಿಸಿದ. ಅದರಿಂದ ಬೆಳೆದ ಮಾಡ್ ಎಂಬ ಕಡತದಲ್ಲಿ ಸ್ವರಲಿಪಿಯೂ ನಾದದ ಚೂರುಗಳೂ ಒಟ್ಟಿಗೇ ಇರುತ್ತಿದ್ದವು. ಹಾಡು ತನ್ನ ವಾದ್ಯಮೇಳವನ್ನು ತಾನೇ ಹೊತ್ತು ತಿರುಗುತ್ತಿತ್ತು. ಇನ್ನೊಂದು ಸ್ವಾರಸ್ಯ ಉಂಟು. ಪ್ರತಿ ಚೂರಿಗೂ ಹೆಸರು ಬರೆಯಲು ೨೨ ಅಕ್ಷರಗಳ ಜಾಗವಿತ್ತು. ಹುಡುಗರು ಅಲ್ಲಿ ವಾದ್ಯದ ಹೆಸರನ್ನು ಬಿಟ್ಟು ತಮ್ಮ ಹೆಸರು, ವಿಳಾಸ, ಗೆಳೆಯರಿಗೆ ನಮಸ್ಕಾರ ಇವನ್ನು ಬರೆಯತೊಡಗಿದರು. ಓಲೆಗರಿಯ ಕೊನೆಯಲ್ಲಿ ತನ್ನ ಹೆಸರು, ಊರು, ಬೆನ್ನುನೋವುಗಳನ್ನು ಬರೆದಿಡುತ್ತಿದ್ದ ನಮ್ಮ ಲಿಪಿಕಾರನ ಬಂಧುಗಳು ಇವರು ಎಂದು ನನಗೆ ಅನ್ನಿಸುತ್ತದೆ.

ಇನ್ನು ಸೌಂಡ್‌ಫಾಂಟ್. ಸಿಂಗಪುರದ ಕ್ರಿಯೇಟಿವ್ ಕಂಪನಿ ೧೯೯೩ರಲ್ಲಿ ಈಮುವನ್ನು ಕೊಂಡುಕೊಂಡಿತು. ಮರುವರ್ಷ ಎಡಬ್ಲ್ಯುಇ ೩೨ ಎಂಬ ಧ್ವನಿಕಾರ್ಡನ್ನು ಹೊರತಂದಿತು. ಅದುವರೆಗೆ ಸ್ಟುಡಿಯೋಗಳ ಸೊತ್ತಾಗಿದ್ದ ವಿದ್ಯೆ ಇದರಿಂದ ಮನೆಯ ಮೇಜಿನ ಮೇಲಕ್ಕೆ ಬಂದಿತು. ಕಾರ್ಡಿಗೆ ತುಂಬುವ ನಾದದ ಕಡತಕ್ಕೆ ಅವರು ಸೌಂಡ್‌ಫಾಂಟ್ ಎಂದು ಹೆಸರಿಟ್ಟರು. ಫಾಂಟ್ ಎಂದರೆ ಒಂದು ಮಾದರಿಯ ಅಚ್ಚುಮೊಳೆಗಳ ಪೂರ್ಣ ಜೊತೆ. ನನ್ನ ಬೀದಿಯ ಅಚ್ಚುಕೂಟದ ಉಪಮೆ ನನಗಿಂತ ಮೊದಲೇ ಅವರಿಗೆ ಹೊಳೆದಿತ್ತೆಂದಾಯಿತು.

೧೯೯೬ರಲ್ಲಿ ಇದರ ಎರಡನೆಯ ಆವೃತ್ತಿ ಬಂದಿತು. ಅದರ ಕಟ್ಟಡದಲ್ಲಿ ಮೂರು ಭಾಗ. ಮೊದಲನೆಯದು ಪೀಠಿಕೆ: ಹೆಸರು, ಮಾಡಿದವರು, ಹಕ್ಕು, ಟಿಪ್ಪಣಿ. ಎರಡನೆಯದು ನಾದ: ಎಲ್ಲ ಚೂರುಗಳೂ ಒಂದರ ಹಿಂದೊಂದು, ನಡುನಡುವೆ ಕನಿಷ್ಠ ೪೬ ಸೊನ್ನೆಗಳ ಮೌನ. ಮೂರನೆಯದು ಕೇಸು: ಯಾವ ಚೂರು ಯಾವ ಮನೆಗೆ, ಯಾವ ಬಲಕ್ಕೆ, ಎಂಬ ಒಂಬತ್ತು ಕೋಷ್ಟಕಗಳು. ಈ ಒಂಬತ್ತರ ಗುಂಪಿಗೆ ಗ್ರೀಕ್ ಪುರಾಣದ ಒಂಬತ್ತು ತಲೆಯ ಸರ್ಪದ ಹೆಸರನ್ನೇ ಇಟ್ಟಿದ್ದಾರೆ. ಇಡೀ ಕಡತವನ್ನು ಮೈಕ್ರೋಸಾಫ್ಟ್ ಮತ್ತು ಐಬಿಎಂ ೧೯೯೧ರಲ್ಲಿ ತಂದಿದ್ದ ಸಾಮಾನ್ಯ ಪದ್ಧತಿಯ ಮೇಲೆ ಕಟ್ಟಲಾಯಿತು. ಪ್ರತಿ ಮೂಟೆಯ ಮೇಲೂ ಒಂದು ಹೆಸರು, ಒಂದು ತೂಕ. ಬೇಡವಾದ ಮೂಟೆಯನ್ನು ಬಿಚ್ಚದೆಯೇ ದಾಟಿ ಮುಂದೆ ಹೋಗಬಹುದು.

ಇವೆಲ್ಲಕ್ಕಿಂತ ದೊಡ್ಡ ಸಂಗತಿ ಇನ್ನೊಂದು. ಈ ಕಟ್ಟಳೆಯನ್ನು ಅವರು ಬರೆದು ಪ್ರಕಟಿಸಿದರು. ಹೆಸರಿನ ಮೇಲೆ ಹಕ್ಕಿಟ್ಟುಕೊಂಡರು. ಒಳಗಿನ ಕ್ರಮವನ್ನು ಮಾತ್ರ ಯಾರು ಬೇಕಾದರೂ ಓದಬಹುದಾಗಿತ್ತು. ಅಂದಿನ ಕಾರ್ಡನ್ನು ಸಿಕ್ಕಿಸುವ ಕಿಂಡಿಯೇ ಈಗಿನ ಕಂಪ್ಯೂಟರುಗಳಲ್ಲಿಲ್ಲ. ಆದರೆ ಅಂದಿನ ಸೌಂಡ್‌ಫಾಂಟನ್ನು ಫ್ಲೂಯಿಡ್‌ಸಿಂತ್, ಮ್ಯೂಸ್‌ಸ್ಕೋರ್ ಮುಂತಾದ ಉಚಿತ ತಂತ್ರಾಂಶಗಳು ಈಗಲೂ ತಡವರಿಸದೆ ಓದುತ್ತವೆ.

ಆಮೇಲೆ ಬಂದವು ಇದಕ್ಕಿಂತ ಬಲಶಾಲಿಗಳು. ೧೯೯೮ರ ಗಿಗಾಸ್ಯಾಂಪ್ಲರ್ ನಾದವನ್ನು ನೇರವಾಗಿ ಡಿಸ್ಕಿನಿಂದಲೇ ಹರಿಸಿ ನುಡಿಸತೊಡಗಿತು. ೨೦೦೨ರಲ್ಲಿ ಬರ್ಲಿನ್ನಿನಿಂದ ಬಂದ ಕಾಂಟ್ಯಾಕ್ಟ್ ಈಗ ಸಂಗೀತ ನಿರ್ದೇಶಕರ ನಿತ್ಯದ ಸಲಕರಣೆ. ಇನ್ನೊಂದು ದಾರಿ ಎಸ್‌ಎಫ್‌ಝಡ್‌ನದು. ಅದರಲ್ಲಿ ನಾದದ ಚೂರುಗಳು ಬೇರೆ, ಕೇಸು ಬೇರೆ. ಕೇಸೆಂಬುದು ಯಾರಾದರೂ ಓದಬಹುದಾದ, ಕೈಯಲ್ಲೇ ತಿದ್ದಬಹುದಾದ ಸಾದಾ ಬರವಣಿಗೆ. ಅದನ್ನು ಓದುವ ತಂತ್ರಾಂಶಗಳೆಲ್ಲ ಒಂದು ದಿನ ಮಾಯವಾದರೂ ಕಣ್ಣಿದ್ದವರು ಅದನ್ನು ನೋಡಿ ಮತ್ತೆ ಜೋಡಿಸಿಕೊಳ್ಳಬಲ್ಲರು.

ಈಗ ಮಾವನ ವೀಣೆಗೆ ಬರೋಣ. ಅವರ ಮಗ ಮೊದಲ ರಾತ್ರಿಯ ೭೨ ಚೂರುಗಳನ್ನು, ಒಂದೊಂದನ್ನೂ ನಾಲ್ಕು ಸೆಕೆಂಡಿಗೆ ಕತ್ತರಿಸಿ, ಸುಮಾರು ೨೫ ಮೆಗಾಬೈಟಿನ ಒಂದು ಸೌಂಡ್‌ಫಾಂಟ್ ಮಾಡಿದ್ದ. ಎರಡನೆಯ ರಾತ್ರಿಯದನ್ನು, ಎಂದರೆ ಪಂಚಮ, ಮಂದ್ರ, ಅನುಮಂದ್ರ ತಂತಿಗಳನ್ನು, ಆಗ ಅವನಿಗೆ ಪ್ರಿಯವಾಗಿದ್ದ ಒಂದು ಪುಟ್ಟ ತಂತ್ರಾಂಶದ ಸ್ವಂತ ರೂಪದಲ್ಲಿ ಉಳಿಸಿದ್ದ. ಆ ರೂಪದಲ್ಲಿ ನಾದ ಇನ್ನೂ ಚೆನ್ನಾಗಿತ್ತು, ಜಾಗವೂ ಕಡಮೆ ಸಾಕಾಗುತ್ತಿತ್ತು. ಡಿಸ್ಕಿನಲ್ಲಿ ಸ್ಥಳವಿಲ್ಲವೆಂದು ಮೂಲ ಧ್ವನಿಮುದ್ರಣವನ್ನು ತಾನೇ ಅಳಿಸಿದ. ಇಪ್ಪತ್ತು ವರ್ಷಕ್ಕೂ ಮೇಲೆ ಬೀರುವಿನಲ್ಲಿದ್ದ ಸೀಡಿಯನ್ನು ಈಚೆಗೆ ಇಬ್ಬರೂ ಕುಳಿತು ತೆರೆದೆವು. ಮೊದಲ ಕಡತ ಕ್ಷಣಮಾತ್ರದಲ್ಲಿ ನುಡಿಯಿತು. ಎರಡನೆಯದು ನುಡಿಯಲಿಲ್ಲ. ಆ ತಂತ್ರಾಂಶ ಎಂದೋ ನಿಂತುಹೋಗಿದೆ. ಅದರ ಕಟ್ಟಳೆಯನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಒಂದು ಬೈಟೂ ಕಳೆದಿಲ್ಲ, ಎಲ್ಲವೂ ಅಲ್ಲೇ ಇದೆ. ಮಂದ್ರದ ತಂತಿ ಮಾತ್ರ ಮೂಕವಾಗಿದೆ. ಅವನು ಕಂಪ್ಯೂಟರಿನ ಮುಂದೆ ಹಣೆಗೆ ಕೈಹಚ್ಚಿ ಕುಳಿತಾಗ ನನಗೆ ಅಚ್ಚುಕೂಟದ ಮುದುಕರು ನೆನಪಾದರು.

ಕನ್ನಡದವರಿಗೆ ಈ ಸಂಕಟ ಹೊಸದಲ್ಲ. ಯೂನಿಕೋಡ್ ನಮ್ಮ ಅಕ್ಷರಗಳಿಗೆ ೧೯೯೧ರಲ್ಲೇ ಸಂಖ್ಯೆ ಕೊಟ್ಟಿದ್ದರೂ ಅದು ನಮ್ಮ ಮೇಜಿಗೆ ಬರುವ ಹೊತ್ತಿಗೆ ವರ್ಷಗಳು ಕಳೆದವು. ಅದಕ್ಕೆ ಮೊದಲು ಬೆರಳಚ್ಚಾದ ನನ್ನ ಹಳೆಯ ಲೇಖನಗಳನ್ನು ಈಗ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಶಾಸನವನ್ನು ಕಲ್ಲು ಮಾತ್ರ ಉಳಿಸಲಿಲ್ಲ, ಲಿಪಿಯನ್ನು ಬಲ್ಲವರೂ ಉಳಿಸಿದರು ಎಂದು ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಆ ಮಾತಿನ ಭಾರ ನನಗೇ ತಿಳಿದದ್ದು ಈಗ.

ಉಳಿದ ೭೨ರಲ್ಲಿಯೂ ವೀಣೆ ಪೂರ್ತಿಯಾಗಿ ಇದೆಯೆಂದು ಹೇಳಲಾರೆ. ವೀಣೆಯ ಜೀವ ಮೆಟ್ಟಲಿಗಿಂತ ಹೆಚ್ಚಾಗಿ ಮೆಟ್ಟಲಿನ ಮೇಲೆ ತಂತಿಯನ್ನೆಳೆಯುವ ಬೆರಳಿನಲ್ಲಿದೆ. ಸ್ವರವನ್ನು ಬಾಗಿಸಲು ಮಿಡಿಯಲ್ಲಿ ೧೬,೩೮೪ ಹಂತಗಳುಂಟು; ಅದರಿಂದ ಗಮಕದ ನೆರಳು ಸಿಕ್ಕೀತು. ಮಾವನ ಪ್ರಶ್ನೆಗೆ ಅರ್ಧ ಉತ್ತರವಷ್ಟೇ ಇದು.

ಆದರೆ ಆ ಕಡತದ ಪೀಠಿಕೆಯಲ್ಲಿ ಟಿಪ್ಪಣಿಗೆ ಜಾಗವಿತ್ತಲ್ಲ, ಅದನ್ನು ತೆರೆದು ನೋಡಿದೆವು. ಅಲ್ಲಿ ಕನ್ನಡ ಲಿಪಿ ಹಿಡಿಯದ ಕಾರಣ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದ ನಾಲ್ಕು ಸಾಲುಗಳಿದ್ದವು. ಬರೆದವನು ನಾನೇ, ಪೂರ್ತಿ ಮರೆತುಹೋಗಿತ್ತು. ಮಾವನ ಹೆಸರು, ಊರು, ವೀಣೆ ಅವರ ತಂದೆಯ ಕಾಲದ್ದೆಂಬ ವಿವರ, ಕೊನೆಗೆ ಒಂದು ಕ್ಷಮಾಪಣೆ: ೪೧ನೆಯ ಸ್ವರದ ಬಾಲದಲ್ಲಿ ಪಕ್ಕದ ಮನೆಯ ಕುಕ್ಕರಿನ ಸೀಟಿ ಸೇರಿಹೋಗಿದೆ, ಕೇಳುವವರು ಮನ್ನಿಸಬೇಕು. ಆ ಮನೆಯನ್ನು ಒತ್ತಿ ನೋಡಿದೆವು. ಸೀಟಿ ಇತ್ತು. ಅದನ್ನು ತೆಗೆದುಹಾಕುವುದು ಈಗ ಎರಡು ನಿಮಿಷದ ಕೆಲಸವೆಂದು ಮಾವನ ಮಗ ಹೇಳಿದ, ತೆಗೆಯಲಿಲ್ಲ.